ಹುಲಿ ಕಂಬಳಿಯ ಸ್ಟುಡಿಯೋ

ಮೊನ್ನೆ ಅಟ್ಟ ಗುಡಿಸಲು ಹತ್ತಿದವನು ಒಂದು ಹುಲಿಯನ್ನು ಹೊತ್ತು ಕೆಳಗಿಳಿದೆ. ಗಾಬರಿ ಬೇಡ, ಕಂಬಳಿಯ ಮೇಲಿನ ಹುಲಿ. ನಮ್ಮ ಕಡೆ ಮನೆಯಲ್ಲೊಬ್ಬ ಗಲ್ಫಿನಲ್ಲಿದ್ದರೆ ಆ ಮನೆಗೆ ಒಂದು ಟಾರ್ಚು, ಒಂದು ಡಬ್ಬ ಹಾಲಿನ ಪುಡಿ, ಒಂದು ಅತ್ತರಿನ ಬಾಟಲಿ ಮತ್ತು ಇಂಥದೊಂದು ಕಂಬಳಿ ಬಂದೇ ಬರುತ್ತಿತ್ತು. ಒಬ್ಬನೇ ಎತ್ತಿದರೆ ಸೊಂಟ ಹಿಡಿಯುವ ತೂಕ. ಮೈತುಂಬ ಕೆಂಪು ಹಳದಿ ಬಣ್ಣದ, ಸ್ವಲ್ಪ ಮೆಳ್ಳೆಗಣ್ಣಿನ ಹುಲಿ. ವರ್ಷದಲ್ಲಿ ಹತ್ತು ತಿಂಗಳು ಬೆವರುವ ಬೆಳ್ತಂಗಡಿ ತಾಲೂಕಿನಲ್ಲಿ ಇದನ್ನು ಹೊದ್ದು ಮಲಗಿದ ಮನುಷ್ಯನನ್ನು ನಾನು ಕಂಡಿಲ್ಲ. ಮರುಭೂಮಿಯಿಂದ ಕಂಬಳಿ ಹೊತ್ತು ತರುವುದರ ಹಿಂದಿನ ತರ್ಕವೇನೆಂದು ಬಹುಕಾಲ ನನಗೆ ಹೊಳೆದಿರಲೂ ಇಲ್ಲ. ಅದು ಸಂಗೀತಕ್ಕಾಗಿಯೇ ಹುಟ್ಟಿದ ವಸ್ತು ಎಂದು ತೋರಿಸಿಕೊಟ್ಟವನು ಇಸ್ಮಾಯಿಲ್.

ಇಸ್ಮಾಯಿಲ್ ಫರಂಗಿಪೇಟೆಯವನು, ಬಂಟ್ವಾಳದ ಕಡೆ ನಾನು ಕನ್ನಡ ಪಂಡಿತನಾಗಿದ್ದ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ವಿದ್ಯಾರ್ಥಿ ಎಂದೆನೇ ಹೊರತು ಶಿಷ್ಯ ಎನ್ನಲಿಲ್ಲ, ಗಮನಿಸಬೇಕು. ನಾನು ಷಟ್ಪದಿಯ ಲಕ್ಷಣ ವಿವರಿಸುವಾಗ ಅವನು ಕಿಟಕಿಯ ಸರಳಿಗೆ ಕಿವಿ ಹಚ್ಚಿ ಅದು ಹೇಗೆ ಮೊಳಗುತ್ತದೆಂದು ಕೇಳುತ್ತಿದ್ದ. ಅದಕ್ಕಾಗಿ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಲ್ಲಿಂದ ಅವನಿಗೆ ಮೇಲಿನ ಸರಳೂ ಎಟುಕಿತು ಎಂಬುದು ನನ್ನ ಶಿಕ್ಷಣ ಪದ್ಧತಿಯ ಒಟ್ಟು ಸಾಧನೆ. ಮುಂದೆ ಗಲ್ಫಿಗೆ ಹೋಗಿ, ದೊಡ್ಡ ದೊಡ್ಡ ಸಭಾಂಗಣಗಳಿಗೆ ಮೈಕು ಸ್ಪೀಕರು ಜೋಡಿಸುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದ. ಇಸವಿ ಎರಡು ಸಾವಿರ ದಾಟಿದ ಮೇಲೆ ಊರಿಗೆ ಬಂದು ಗುರುವಾಯನಕೆರೆಯಲ್ಲಿ ಮನೆ ಮಾಡಿದ. ಬರುವಾಗ ಎಲ್ಲರೂ ಒಂದು ಕಂಬಳಿ ತಂದರೆ ಇವನು ಆರು ತಂದಿದ್ದ. ಜೊತೆಗೆ ಒಂದು ಕಂಪ್ಯೂಟರ್.

ಕಂಪ್ಯೂಟರನ್ನು ಮನೆಯ ಹಾಲ್‌ನಲ್ಲಿಟ್ಟ. ಹಿಂದಿನ ಅಕ್ಕಿ ಕೋಣೆಯ ನಾಲ್ಕು ಗೋಡೆಗೂ ಬಾಗಿಲಿಗೂ ಸೂರಿಗೂ ಹುಲಿಗಳನ್ನು ಬಡಿದ. ನಡುವೆ ಒಂದು ಮೈಕು, ಬಾಗಿಲಿನ ಅಡಿಯಿಂದ ಹಾಲಿಗೆ ಒಂದು ವಯರು. ಇಷ್ಟೇ ಸ್ಟುಡಿಯೋ. ಒಳಗೆ ಹೋಗಿ ಒಮ್ಮೆ ಕೆಮ್ಮಿದೆ. ನನ್ನ ಕೆಮ್ಮು ನನಗೇ ವಾಪಸು ಬರಲಿಲ್ಲ, ಹುಲಿಗಳು ನುಂಗಿಬಿಟ್ಟವು. ಮೂವತ್ತು ವರ್ಷ ಖಾಲಿ ಗೋಡೆಗಳ ಕ್ಲಾಸಿನಲ್ಲಿ ನನ್ನ ದನಿಯನ್ನು ನಾನೇ ಎರಡೆರಡು ಸಲ ಕೇಳಿ ಸಂತೋಷಪಟ್ಟವನಿಗೆ ಅದೊಂದು ಆಘಾತ.

ಧ್ವನಿಮುದ್ರಣದಲ್ಲಿ ನನಗೂ ಪೂರ್ವಾಶ್ರಮವೊಂದಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗೊಂದು ಟೇಪ್ ರೆಕಾರ್ಡರ್ ಬಂತು. ಎರಡು ಗುಂಡಿಗಳನ್ನು ಎರಡು ಬೆರಳಿನಿಂದ ಒಟ್ಟಿಗೇ ಒತ್ತಬೇಕು. ಒತ್ತುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಒಂದು ಮಧ್ಯಾಹ್ನ ಅಮ್ಮನನ್ನು ಮನೆಯ ಮುಂಭಾಗದ ಚಾವಡಿಯಲ್ಲಿ ಕೂರಿಸಿ ಅವಳ ಶೋಭಾನೆ ಹಾಡನ್ನು ಹಿಡಿದಿಟ್ಟೆ. ಮದುಮಗಳನ್ನು ಕಳಿಸಿಕೊಡುವಾಗ ನಮ್ಮ ಮನೆಯಲ್ಲಿ ಮಾತ್ರ ಹಾಡುತ್ತಿದ್ದ ಹಾಡು, ಅಮ್ಮನಿಗೆ ಅವಳ ಅಜ್ಜಿಯಿಂದ ಬಂದದ್ದು. ಕ್ಯಾಸೆಟ್ಟಿನ ಮೂಲೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡಿರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೆ ಯಾವುದೂ ಅಚ್ಚಾಗುವುದಿಲ್ಲ. ಚೆನ್ನಾಗಿರುವ ವಸ್ತುವನ್ನು ಮುರಿಯಬಾರದೆಂಬ ಸಂಸ್ಕಾರದವನಾದ ನಾನು ಮುರಿಯಲಿಲ್ಲ. ಎರಡು ವರ್ಷದ ನಂತರ, ಅಮ್ಮ ತೀರಿಕೊಂಡ ಮೇಲೆ, ನನ್ನ ಗಮಕ ವಾಚನವನ್ನು ಲೋಕಕ್ಕೆ ಉಳಿಸಿ ಹೋಗಬೇಕೆಂಬ ಮಹದಾಸೆಯಿಂದ ಕೈಗೆ ಸಿಕ್ಕಿದ ಕ್ಯಾಸೆಟ್ಟಿಗೆ ಓದಿದೆ. ಅದು ಅದೇ ಕ್ಯಾಸೆಟ್ಟು. ಈಗ ಅದರಲ್ಲಿ ನಲುವತ್ತು ನಿಮಿಷ ನಾನಿದ್ದೇನೆ. ಕೊನೆಯಲ್ಲಿ, ನಾನು ಮುಗಿಸಿದ ಮೇಲೆ, ಅಮ್ಮ "ನಿಲ್ಲಿಸಿದೆಯಾ?" ಎಂದು ಕೇಳುವುದು ಮಾತ್ರ ಉಂಟು. ನನ್ನ ವಾಚನದ ಬಗ್ಗೆ ಇಷ್ಟು ಸಂಕ್ಷಿಪ್ತವಾದ ವಿಮರ್ಶೆ ಇನ್ನೆಲ್ಲೂ ಬಂದಿಲ್ಲ.

ಆ ಹಾಡು ಅಮ್ಮನೊಂದಿಗೆ ಪೂರ್ತಿ ಹೋಗಲಿಲ್ಲ. ಎರಡು ತುಂಡಾಗಿ ಉಳಿಯಿತು. ಅದು ಪ್ರಶ್ನೆ ಮತ್ತು ಉತ್ತರದ ಹಾಡು. ಒಬ್ಬಳು ನಿಂತು ಕೇಳಬೇಕು, ಎದುರು ನಿಂತವಳು ಹೇಳಬೇಕು. ಮದುಮಗಳ ತಲೆ ಬಾಚಿದವರು ಯಾರು, ಬಳೆ ಇಡಿಸಿದವರು ಯಾರು, ಹೀಗೆ ಐದು ನುಡಿ. ಅಮ್ಮ ಪ್ರಶ್ನೆಗಳನ್ನು ಸೊಸೆಗೆ, ಅಂದರೆ ನನ್ನ ಹೆಂಡತಿ ಸುಮತಿಗೆ, ಕಲಿಸಿದ್ದಳು. ಉತ್ತರಗಳನ್ನು ಮಗಳಿಗೆ, ಅಂದರೆ ಮೂಡಬಿದ್ರೆಗೆ ಕೊಟ್ಟ ನನ್ನ ಅಕ್ಕ ಕಲ್ಯಾಣಿಗೆ. ಮನೆಯಲ್ಲಿ ನಾವು ಆಡುವುದು ತುಳು, ಹಾಡು ಮಾತ್ರ ಕನ್ನಡ. ಹಾಗಾಗಿ ಜಗಳವೆಲ್ಲ ತುಳುವಿನಲ್ಲಿ ನಡೆದು ಸೌಹಾರ್ದವೆಲ್ಲ ಕನ್ನಡದಲ್ಲಿ ಇರುತ್ತಿತ್ತು. ಇಬ್ಬರೂ ಜೋಡಿಯಾಗಿ ನಿಂತರೆ ನಮ್ಮ ಬಳಗದ ಮದುವೆಗಳಲ್ಲಿ ಊಟದ ಪಂಕ್ತಿಯೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು.

ಅಮ್ಮ ಹೋದ ಮೇಲಿನ ಮೊದಲ ಮದುವೆಯಲ್ಲಿ ಅಕ್ಕ ಹಾಡಿನ ನಡುವೆ ಅಂಗೈ ಎತ್ತಿ, ನಾಲ್ಕು ಜನರ ಎದುರು, ಸುಮತಿಯ ಶ್ರುತಿ ಏರಿತು ಎಂದಳು. ಏರಿದ್ದಲ್ಲ, ಅತ್ತಿಗೆಯದು ಇಳಿದದ್ದು ಎಂದಳು ಸುಮತಿ. ಮುಗಿಯಿತು. ಒಂಬತ್ತು ವರ್ಷ ಇಬ್ಬರೂ ಮಾತಾಡಲಿಲ್ಲ. ನಡುವೆ ನಾನೊಂದು ಅಂಚೆ ಇಲಾಖೆಯಾದೆ. ಉಪ್ಪಿನಕಾಯಿಯ ಭರಣಿ ಅತ್ತ ಹೋಗುತ್ತಿತ್ತು, ಹಪ್ಪಳದ ಕಟ್ಟು ಇತ್ತ ಬರುತ್ತಿತ್ತು. ಯಾರು ಕೊಟ್ಟದ್ದೆಂದು ಯಾರೂ ಕೇಳುವಂತಿರಲಿಲ್ಲ. ಆದರೂ ಖಾಲಿ ಭರಣಿ ಯಾವತ್ತೂ ವಾಪಸು ಬಂದದ್ದಿಲ್ಲ.

ಹೀಗಿರುವಾಗ ಅಕ್ಕನ ಮಗಳು ವಸುಧಾಳ ಮದುವೆ ನಿಶ್ಚಯವಾಯಿತು. ಹುಡುಗ ಮಸ್ಕತ್ತಿನಲ್ಲಿದ್ದ. ಮದುವೆಯಾದ ವಾರಕ್ಕೇ ಅವಳೂ ಹೊರಡಬೇಕು. ಅವಳು ಲಾಯಿಲದ ನಮ್ಮ ಮನೆಗೆ ಬಂದು, ಚಿನ್ನ ಬೇಡ, ಸೀರೆ ಬೇಡ, ಅಜ್ಜಿಯ ಹಾಡು ಬೇಕು ಎಂದಳು.

"ಅಮ್ಮನೂ ಅತ್ತೆಯೂ ಹಾಡಿದ್ದೇ ಆಗಬೇಕು ಮಾವ. ಒಂದು ಸಿಡಿಯಲ್ಲಿ ಹಾಕಿಸಿ ಕೊಡಿ. ನಿಮ್ಮ ಕ್ಯಾಸೆಟ್ಟಿನ ಹಾಗೆ ಮಾಡಬೇಡಿ."

ಆ ಕೊನೆಯ ವಾಕ್ಯ ಇಲ್ಲದಿದ್ದರೂ ಅರ್ಥವಾಗುತ್ತಿತ್ತು. ನಾನು ಅಳಿಸಿದ್ದನ್ನು ನಾನೇ ಕೂಡಿಸಿಕೊಡಬೇಕು. ಆದರೆ ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸುವುದು ಯಾರಿಂದ ಸಾಧ್ಯ? ಹೋಗಿ ಇಸ್ಮಾಯಿಲನೆದುರು ಕುಳಿತೆ. ಅವನು ಪೂರ್ತಿ ಕೇಳಿ, ಯಾಕೆ ಜಗಳ ಎಂದು ಕೇಳದೆ, ಒಂದೇ ಮಾತು ಹೇಳಿದ.

"ಒಟ್ಟಿಗೆ ಯಾಕೆ ಬರಬೇಕು ಮಾಷ್ಟ್ರೆ? ಒಬ್ಬರು ಸೋಮವಾರ ಬರಲಿ, ಒಬ್ಬರು ಗುರುವಾರ. ಜೋಡಿಸುವುದು ನನ್ನ ಕೆಲಸ."

ಮನುಷ್ಯರು ಒಂದೇ ಕಡೆ ಇಲ್ಲದೆಯೂ ಒಟ್ಟಿಗೆ ಹಾಡಬಹುದು ಎಂಬ ಈ ಸತ್ಯ ಕೇಳಿ ನನಗೆ ರೋಮಾಂಚನವಾಯಿತು. ನನ್ನ ಕುಟುಂಬಕ್ಕೆಂದೇ ಯಾರೋ ಕಂಡುಹಿಡಿದ ಯಂತ್ರ ಇದು.

ಇಸ್ಮಾಯಿಲನ ಕಾರ್ಯವೈಖರಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ಪಾಪ ಬರುತ್ತದೆ. ಅವನ ಗೋಡೆಯಲ್ಲಿ ಒಂದು ಬಸ್ಸಿನ ವೇಳಾಪಟ್ಟಿ ತೂಗುತ್ತಿತ್ತು. ಎಲ್ಲಿಗಾದರೂ ಹೋಗುವುದಕ್ಕಲ್ಲ. ಗುರುವಾಯನಕೆರೆಯ ತಿರುವಿನಲ್ಲಿ ಹಾರ್ನು ಹಾಕದ ಡ್ರೈವರು ಇನ್ನೂ ಹುಟ್ಟಿಲ್ಲವಾದ ಕಾರಣ, ಮೂಡಬಿದ್ರೆಯ ಬಸ್ಸು ಹೋದ ಮೇಲೆ, ಮಂಗಳೂರಿನದು ಬರುವ ಮೊದಲು, ಕರೆಂಟು ಇದ್ದರೆ, ಹದಿನಾಲ್ಕು ನಿಮಿಷದ ಒಂದು ಪುಣ್ಯಕಾಲ ಸಿಗುತ್ತಿತ್ತು. ರೆಕಾರ್ಡಿಂಗು ಅಷ್ಟರಲ್ಲಿ. ಬಾಗಿಲಿನ ಚಿಲಕಕ್ಕೆ ಕೆಂಪು ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ತೂಗಿದರೆ ಅಡುಗೆಮನೆಯಲ್ಲಿ ಅವನ ತಾಯಿ ಮಿಕ್ಸಿ ನಿಲ್ಲಿಸಬೇಕು. ಅವರು ನಿಲ್ಲಿಸಿ, ತೆಂಗಿನಕಾಯಿ ಅರ್ಧ ಅರೆದಿಟ್ಟು, ಸುಮ್ಮನೆ ಕುಳಿತಿರುತ್ತಿದ್ದರು. ಗುರುವಾಯನಕೆರೆಯಲ್ಲಿ ಧ್ವನಿಮುದ್ರಿಸಿದ ಎಷ್ಟೋ ಹಾಡುಗಳ ಹಿಂದೆ ಹಾಗೆ ತಣ್ಣಗಾದ ಸಾರಿನ ತ್ಯಾಗ ಉಂಟು.

ಮಿಕ್ಸಿಂಗ್ ಎಂಬುದು ಇನ್ನೊಂದು ತಪಸ್ಸು. ಒಂದೊಂದು ದನಿಯನ್ನೂ ಬೇರೆಬೇರೆಯಾಗಿ ಎತ್ತಿ, ಇಳಿಸಿ, ಎಡಕ್ಕೆ ಬಲಕ್ಕೆ ಸರಿಸಿ, ಸಾಂಬಾರಿಗೆ ಹುಳಿ ನೋಡುವ ಹಾಗೆ ನೋಡುತ್ತಾ ಕೂರುವುದು. ಎಲ್ಲ ಆದ ಮೇಲೆ ಅದನ್ನೊಂದು ಕ್ಯಾಸೆಟ್ಟಿಗಿಳಿಸಿ ಮೂಡಬಿದ್ರೆಯ ಬಸ್ಸು ಹತ್ತುತ್ತಿದ್ದ. ಡ್ರೈವರನಿಗೆ ಕ್ಯಾಸೆಟ್ಟು ಕೊಟ್ಟು ತಾನು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರುವುದು. ಅಲ್ಲಿ ಕುಳಿತು ಹಾಡಿನ ಮಾತು ಸ್ಪಷ್ಟ ಕೇಳಿಸಿದರೆ ಪಾಸು. ಇಲ್ಲವಾದರೆ ಎದುರಿನಿಂದ ಬಂದ ಬಸ್ಸಿನಲ್ಲಿ ವಾಪಸು, ಮತ್ತೆ ಕಂಪ್ಯೂಟರಿನ ಮುಂದೆ. ನಮ್ಮ ಜನ ಹಾಡು ಕೇಳುವುದು ಬಸ್ಸಿನಲ್ಲಿ, ಆದ್ದರಿಂದ ಪರೀಕ್ಷೆಯೂ ಅಲ್ಲೇ ಆಗಬೇಕು ಎಂಬುದು ಅವನ ಸಿದ್ಧಾಂತ. ಕಾವ್ಯ ಬರೆಯುವವರಿಗೂ ಇದನ್ನು ಕಡ್ಡಾಯ ಮಾಡಬಹುದಿತ್ತು.

ಇನ್ನೊಂದು ಸಂಗತಿ. ದನಿಗೆ ಪ್ರತಿಧ್ವನಿ ಸೇರಿಸುವ ಒಂದು ಪಟ್ಟಿ ಅವನ ಕಂಪ್ಯೂಟರಿನಲ್ಲಿತ್ತು. ನಾನು ಸ್ವಭಾವಕ್ಕೆ ತಕ್ಕಂತೆ ಎಲ್ಲಕ್ಕಿಂತ ದೊಡ್ಡ ಸಭಾಂಗಣವನ್ನು ಆರಿಸಿದೆ. ಇಸ್ಮಾಯಿಲ್ ತಲೆ ಅಲ್ಲಾಡಿಸಿದ. ಮರುದಿನ ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದು ಚಾವಡಿಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಕಣ್ಣು ಮುಚ್ಚಿ ಕೇಳಿದ. ಮೂಲೆಗೆ ಹೋಗಿ ಮತ್ತೊಮ್ಮೆ ತಟ್ಟಿದ. ಪಕ್ಕದ ಮನೆಯವರು ಪಾರಿವಾಳ ಓಡಿಸುತ್ತಿದ್ದೇವೆಂದು ತಿಳಿದರು. ಅವನು ಚೀಟಿಯಲ್ಲಿ ಏನೋ ಬರೆದುಕೊಂಡು ಹೋಗಿ, ಕಂಪ್ಯೂಟರಿನಲ್ಲಿ ನಮ್ಮ ಚಾವಡಿಯನ್ನೇ ಕಟ್ಟಿಬಿಟ್ಟ. ಆಮೇಲೆ ಅವನ ಪಟ್ಟಿಯಲ್ಲಿ ಸಭಾಂಗಣ, ಗುಹೆ ಇತ್ಯಾದಿಗಳ ಕೆಳಗೆ "ಮಾಷ್ಟ್ರ ಚಾವಡಿ" ಎಂದೂ ಇತ್ತು. ನನ್ನ ಹೆಸರಿನಲ್ಲಿ ಸ್ಥಾಪನೆಯಾದ ಏಕೈಕ ಕಟ್ಟಡ.

ಸೋಮವಾರ ಸುಮತಿ ಬಂದಳು. ಕಿವಿಗೆ ಹೆಡ್‌ಫೋನು, ಅದರಲ್ಲಿ ಬರೀ ತಂಬೂರಿಯ ಶ್ರುತಿ. ಉತ್ತರದ ಸಾಲುಗಳಿಗಾಗಿ ಕಾಯಬೇಕಾಗಿಲ್ಲ, ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಹಾಡಿದರೆ ಸಾಕು, ನಡುವೆ ಜಾಗ ಮಾಡುವುದು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದು ಇಸ್ಮಾಯಿಲ್ ಹೇಳಿದ. ಅವಳು ತಲೆಯಾಡಿಸಿ, ಹೇಳಿದ್ದನ್ನು ಮಾಡದೆ, ಪ್ರತಿ ಪ್ರಶ್ನೆಯ ನಂತರ ನಿಂತು ಕಾದಳು. ಗುರುವಾರ ಅಕ್ಕ ಮೂಡಬಿದ್ರೆಯಿಂದ ಬಂದಳು. ಅವಳಿಗೂ ಅದನ್ನೇ ಹೇಳಿದ. ಅವಳೂ ಪ್ರತಿ ಉತ್ತರದ ಮೊದಲು ಕಾದಳು. ಸುಮತಿ ಹಾಡಿ ಆಗಿದೆಯೇ ಎಂದು ಅವಳು ಕೇಳಲಿಲ್ಲ. ಹೆಡ್‌ಫೋನನ್ನು ಮಾತ್ರ ಸೆರಗಿನಿಂದ ಒರೆಸಿ ಹಾಕಿಕೊಂಡಳು.

ಎರಡು ದಿನ ಬಿಟ್ಟು ಇಸ್ಮಾಯಿಲ್ ನನ್ನನ್ನು ಕರೆಸಿದ. ಪರದೆಯ ಮೇಲೆ ದನಿಗಳು ಕಂಬಳಿಹುಳುಗಳ ಹಾಗೆ ಮಲಗಿದ್ದವು. ಮೇಲೆ ಹಸಿರು ಸಾಲು ಸುಮತಿಯದು, ಕೆಳಗೆ ಕೆಂಪು ಸಾಲು ಅಕ್ಕನದು. ಹಸಿರು ಎಲ್ಲಿ ನಿಂತಿದೆಯೋ ಅಲ್ಲಿ ಕೆಂಪು ಹೊರಟಿದೆ, ಕೆಂಪು ಎಲ್ಲಿ ಮುಗಿದಿದೆಯೋ ಅಲ್ಲಿ ಹಸಿರು. ಎರಡು ಬಾಚಣಿಗೆಗಳನ್ನು ಎದುರುಬದುರಾಗಿ ಕೂಡಿಸಿದ ಹಾಗೆ.

"ನಾನು ಏನೂ ಸರಿಸಲಿಲ್ಲ ಮಾಷ್ಟ್ರೆ. ಶುರುವಿನಲ್ಲಿ ಒಂದು ಕಡೆ ಕೂಡಿಸಿದ್ದು ಮಾತ್ರ. ಮತ್ತೆ ಎಲ್ಲ ಅವರೇ ಬಿಟ್ಟ ಜಾಗ."

ಒಂಬತ್ತು ವರ್ಷ ಒಂದು ಮಾತಿಲ್ಲದವರು ಒಬ್ಬರ ಉಸಿರಿಗೆ ಎಷ್ಟು ಜಾಗ ಬೇಕೆಂಬುದನ್ನು ಇನ್ನೊಬ್ಬರು ಕೂದಲೆಳೆಯಷ್ಟೂ ಮರೆತಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿದೆ. ಗಾಜು ಸ್ವಚ್ಛವಾಗಿಯೇ ಇತ್ತು. ಮಾತು ಬದಲಿಸಲು, ಶ್ರುತಿ ಏರಿದ್ದು ಯಾರದು, ಇಳಿದದ್ದು ಯಾರದು ಎಂದು ಈ ಯಂತ್ರ ಹೇಳಬಲ್ಲದೇ ಎಂದು ಕೇಳಿದೆ. ಹೇಳಬಲ್ಲದು, ಆದರೆ ತಾನು ಕಂಪ್ಯೂಟರಿನ ಆ ಕಿಟಕಿಯನ್ನೇ ತೆರೆಯುವುದಿಲ್ಲ ಎಂದ ಇಸ್ಮಾಯಿಲ್. ನಾನು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗ ಈಗ ನನಗಿಂತ ಎಷ್ಟು ಎತ್ತರ ನಿಂತಿದ್ದಾನೆಂದು ಆಗ ಕಂಡಿತು.

ಆದರೆ ಒಂದು ಕಡೆ ಬಾಚಣಿಗೆಯ ಹಲ್ಲು ಮುರಿದಿತ್ತು. ಸುಮತಿ ಐದು ನುಡಿ ಕೇಳಿದ್ದಳು. ಅಕ್ಕ ನಾಲ್ಕಕ್ಕೇ ಉತ್ತರಿಸಿದ್ದಳು. ಐದನೆಯ ಪ್ರಶ್ನೆಯ ಮುಂದೆ ಕೆಂಪು ಸಾಲು ಖಾಲಿ. ಅಕ್ಕನಿಗೆ ಫೋನು ಮಾಡಿದೆ.

"ಐದನೆಯದು ನನ್ನದಲ್ಲ," ಎಂದಳು. "ಅಷ್ಟು ಹೊತ್ತಿಗೆ ನಾನು ಆರತಿ ತರ್ಲಿಕ್ಕೆ ಒಳಗೆ ಹೋಗ್ತಿದ್ದೆ. ಅದನ್ನು ಹೇಳುವುದು ಅಮ್ಮ."

ಹೌದು. ಹೊಸಿಲು ದಾಟುವ ಮೊದಲು ತಿರುಗಿ ಯಾರನ್ನು ನೋಡಿದೆ ಎಂಬುದು ಐದನೆಯ ಪ್ರಶ್ನೆ. ಅದಕ್ಕೆ ಮನೆಯ ಹಿರಿ ಹೆಂಗಸು ಉತ್ತರ ಹೇಳಬೇಕು. ಅಷ್ಟು ವರ್ಷ ಅಮ್ಮ ಹೇಳಿದ್ದಳು. ಈಗ ಆ ಜಾಗ ಮದುಮಗಳ ತಾಯಿಯದು, ಅಂದರೆ ಅಕ್ಕನದೇ. ಅವಳಿಗೆ ಅದು ಗೊತ್ತಿಲ್ಲ. ಅದಿದ್ದ ಒಂದೇ ಒಂದು ಕ್ಯಾಸೆಟ್ಟಿನ ಮೇಲೆ ನಾನು ಷಟ್ಪದಿ ಓದಿದ್ದೇನೆ.

ಇಸ್ಮಾಯಿಲ್ ಹೆಡ್‌ಫೋನನ್ನು ನನ್ನ ಕಿವಿಗಿಟ್ಟು ಹಸಿರು ಸಾಲಿನ ಕೊನೆಯ ಖಾಲಿ ಜಾಗವನ್ನು ತೋರಿಸಿದ. ಇಂಥ ಸಣ್ಣಪುಟ್ಟ ಸದ್ದನ್ನೆಲ್ಲ ತಾನೇ ಕತ್ತರಿಸುವ ವ್ಯವಸ್ಥೆ ಆ ಸಾಫ್ಟ್‌ವೇರಿನಲ್ಲಿ ಉಂಟಂತೆ. ಕೈ ಅಲ್ಲಿಗೆ ಹೋಗಿತ್ತು, ಏನೋ ಕೇಳಿಸಿ ನಿಲ್ಲಿಸಿದೆ ಎಂದ. ದನಿ ಏರಿಸಿದ. ದೂರದಲ್ಲಿ ಬಸ್ಸಿನ ಗುಡುಗು, ಅದರ ಕೆಳಗೆ ಸುಮತಿ. ಕಾಯುವ ಹೊತ್ತಿನಲ್ಲಿ, ಬಾಯಿ ಮುಚ್ಚಿಕೊಂಡೇ, ಅಮ್ಮನ ಉತ್ತರವನ್ನು ಗುನುಗುತ್ತಿದ್ದಳು. ಮದುವೆ ಮದುವೆಗಳಲ್ಲಿ ಎದುರು ನಿಂತು ಕೇಳಿದವಳು ಅವಳೊಬ್ಬಳೇ ತಾನೆ. ಇಸ್ಮಾಯಿಲ್ ಬಸ್ಸನ್ನು ತೆಗೆದ, ಸುಂಯ್ ಸದ್ದನ್ನು ಸೋಸಿದ, ಮೂರು ದಿನ ಅದಕ್ಕೇ ಕುಳಿತ. ದನಿ ನೀರಿನೊಳಗಿನಿಂದ ಬಂದ ಹಾಗೆ ಬಂತು.

"ರಾಗ ಸಿಗ್ತದೆ, ಮಾತು ಸಿಗುವುದಿಲ್ಲ," ಎಂದು ಸೋಲೊಪ್ಪಿದ. ಯಂತ್ರಕ್ಕೂ ಒಂದು ಗಡಿ ಉಂಟೆಂದು ತಿಳಿದು ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸುಮತಿಯಿಂದ ಮಾತುಗಳನ್ನು ಚೀಟಿಯಲ್ಲಿ ಬರೆಸಿ ಅಕ್ಕನಿಗೆ ತಲುಪಿಸುವುದು ಅಂಚೆ ಇಲಾಖೆಗೆ ಸುಲಭವಿತ್ತು. ಕೇಳಿದೆ. ಅಮ್ಮನ ಹಾಡು ಚೀಟಿಯಲ್ಲಿ ಹೋಗುವಂಥದ್ದಲ್ಲ, ಕಲಿಯುವವರು ಬಂದು ಕೇಳಲಿ ಎಂದು ಅವಳು ಪಾತ್ರೆ ತೊಳೆಯುತ್ತಲೇ ಹೇಳಿದಳು. ಮದುವೆಗೆ ಹತ್ತು ದಿನ ಉಳಿದಿತ್ತು.

ಅಕ್ಕನನ್ನು ಮತ್ತೆ ಗುರುವಾಯನಕೆರೆಗೆ ಕರೆಸಿದೆ. ಇಸ್ಮಾಯಿಲ್ ಅವಳಿಗೆ ಆ ಖಾಲಿ ಜಾಗವನ್ನು ಕೇಳಿಸಿದ. ಅವಳು ಒಮ್ಮೆ ಕೇಳಿದಳು. ಇನ್ನೂ ದೊಡ್ಡದು ಮಾಡು ಎಂದಳು. ಮತ್ತೆ ಕೇಳಿದಳು. ನಂತರ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಸ್ಸೊಂದು ಹೋಯಿತು. ಇನ್ನೊಂದೂ ಹೋಯಿತು. ಆಮೇಲೆ ನನ್ನ ಮನೆಯ ನಂಬರು ತಿರುಗಿಸಲು ಹೇಳಿ, ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಸುಮತಿ, ನಾನು. ಐದನೆಯದು ನನಗೆ ಬರುವುದಿಲ್ಲ. ಹೇಳಿ ಕೊಡ್ತೀಯಾ?"

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅಕ್ಕ ಎರಡು ಸಲ ಹೂಂಗುಟ್ಟಿದಳು. ಕೊನೆಗೆ, "ಗ್ಯಾಸ್ ಬಂದ್ ಮಾಡಿ ಬಾ," ಎಂದು ರಿಸೀವರ್ ಇಟ್ಟಳು.

ಲಾಯಿಲದಿಂದ ಗುರುವಾಯನಕೆರೆಗೆ ಎಷ್ಟು ಹೊತ್ತು? ಅರ್ಧ ಗಂಟೆಯಲ್ಲಿ ಸುಮತಿ ಬಂದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಸುಮತಿ ಹುಲಿಯನ್ನು ನೋಡಿ ಇಲ್ಲಿ ಸೆಕೆ ಎಂದಳು. ಹೌದು, ಫ್ಯಾನು ಹಾಕುವ ಹಾಗಿಲ್ಲವಂತೆ ಎಂದಳು ಅಕ್ಕ. ಒಂಬತ್ತು ವರ್ಷಗಳ ಇತಿಹಾಸ ಇಷ್ಟರಲ್ಲಿ ಇತ್ಯರ್ಥವಾಯಿತು. ಬಾಗಿಲು ಮುಚ್ಚಿತು, ಬೈರಾಸು ತೂಗಿತು, ಮಿಕ್ಸಿ ನಿಂತಿತು. ಇದ್ದ ಒಂದೇ ಹೆಡ್‌ಫೋನನ್ನು ಹೊರಗೆ ನಾನೂ ಇಸ್ಮಾಯಿಲನೂ ಒಂದೊಂದು ಕಿವಿಗೆ ಹಂಚಿಕೊಂಡೆವು.

ಒಳಗೆ ಸುಮತಿ ಒಂದು ಸಾಲು ಹೇಳಿದಳು. ಅಕ್ಕ ಅದನ್ನು ಹಿಂದಿನಿಂದ ಹೇಳಿದಳು. ಎರಡನೆಯ ಸಾಲು. ಅಕ್ಕನ ದನಿ ನಡುಗಿತು. ಆಗ ಸುಮತಿ, ಇಡೀ ಲೋಕದಲ್ಲಿ ಆಡಬಾರದಿದ್ದ ಆ ಒಂದು ಮಾತನ್ನು ಆಡಿದಳು.

"ಅತ್ತಿಗೆ, ಸ್ವಲ್ಪ ಏರಿತು."

ಇಸ್ಮಾಯಿಲನ ಕೈ ಮೌಸಿನ ಮೇಲೆ ಕಲ್ಲಾಯಿತು. ಪರದೆಯ ಮೇಲೆ ಗೆರೆ ನೇರವಾಗಿ ಹೋಗುತ್ತಿತ್ತು, ಒಂದು ಹುಳುವೂ ಇಲ್ಲ. ನನ್ನ ಒಂದು ಕಿವಿಯಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ನನ್ನದೇ ಎದೆ.

"ಏರಿತಾ?" ಎಂದಿತು ಅಕ್ಕನ ದನಿ. "ಹಾಗಾದರೆ ಮೊದಲಿನಿಂದ ಹೇಳುವ."

ಮೊದಲಿನಿಂದ ಎಂದರೆ ಐದನೆಯದರ ಮೊದಲಿನಿಂದ ಎಂದು ನಾವು ತಿಳಿದೆವು. ಅವರು ಹಾಡಿನ ಮೊದಲಿನಿಂದಲೇ ಹಿಡಿದರು. ತಲೆ ಬಾಚಿದವರು ಯಾರು ಎಂದು ಒಬ್ಬಳು ಕೇಳಿದಳು, ಇನ್ನೊಬ್ಬಳು ಹೇಳಿದಳು. ಪುಣ್ಯಕಾಲದ ಹದಿನಾಲ್ಕು ನಿಮಿಷ ಎಂದೋ ಮುಗಿದಿತ್ತು. ಮೂರನೆಯ ನುಡಿಯ ನಡುವೆ ಮಂಗಳೂರಿನ ಬಸ್ಸು ತಿರುವಿನಲ್ಲಿ ಉದ್ದಕ್ಕೆ ಹಾರ್ನು ಹಾಕಿತು. ಇಸ್ಮಾಯಿಲ್ ಅಲುಗಲಿಲ್ಲ. ಐದನೆಯದು ಬಂತು. ಹೊಸಿಲಿನಲ್ಲಿ ತಿರುಗಿ ಯಾರನ್ನು ನೋಡಿದೆ ಎಂದು ಸುಮತಿ ಕೇಳಿದಳು. ಅಕ್ಕ ಉತ್ತರ ಹೇಳುವಾಗ ಅರ್ಧದಲ್ಲಿ ತಡವರಿಸಿದಳು. ಅಲ್ಲಿಂದ ಸುಮತಿಯೂ ಸೇರಿಕೊಂಡಳು. ಕೊನೆಯ ಸಾಲು ಇಬ್ಬರದೂ ಆಯಿತು.

ಬಾಗಿಲು ತೆರೆಯಲಿಲ್ಲ. ಒಳಗೆ ಮೂಗು ಒರೆಸುವ ಸದ್ದು, ಆಮೇಲೆ ಮದುವೆಯ ಹೂವಿನ ವಿಷಯ, ಆಮೇಲೆ ನನ್ನ ವಿಷಯ. ಇಸ್ಮಾಯಿಲ್ ಸಭ್ಯನಾದ್ದರಿಂದ ಅಲ್ಲಿಗೆ ರೆಕಾರ್ಡಿಂಗ್ ನಿಲ್ಲಿಸಿದ. ಪರದೆಯ ಮೇಲೆ ಹೊಸದಾಗಿ ಒಂದೇ ಒಂದು ಸಾಲು ಮಲಗಿತ್ತು, ಹಸಿರೂ ಅಲ್ಲದ, ಕೆಂಪೂ ಅಲ್ಲದ ಬೂದು ಬಣ್ಣದ್ದು.

ಇದನ್ನು ಇನ್ನು ಹೇಗೆ ಮಿಕ್ಸ್ ಮಾಡುತ್ತೀ ಎಂದು ಕೇಳಿದೆ. ಬಸ್ಸು ಉಂಟು, ನಡುಕ ಉಂಟು, ಶುರುವಿನಲ್ಲಿ ಆ ಏರಿತು ಎಂಬ ಮಾತೂ ಉಂಟು.

ಇಸ್ಮಾಯಿಲ್ ಆ ಬೂದು ಸಾಲನ್ನು ನೋಡುತ್ತಾ, ಕಸುಬುದಾರನ ನಿಜವಾದ ಬೇಸರದಿಂದಲೇ ಹೇಳಿದ. "ಇಬ್ಬರೂ ಒಂದೇ ಮೈಕಿಗೆ ಹೇಳಿದ್ದಾರೆ ಮಾಷ್ಟ್ರೆ. ಒಬ್ಬರನ್ನು ಏರಿಸಿದರೆ ಇನ್ನೊಬ್ಬರೂ ಏರ್ತಾರೆ. ಇನ್ನು ಇವರನ್ನು ಬೇರೆ ಮಾಡ್ಲಿಕ್ಕೆ ಯಾವ ಸಾಫ್ಟ್‌ವೇರಿನಿಂದಲೂ ಆಗುವುದಿಲ್ಲ."

ವಸುಧಾ ಮಸ್ಕತ್ತಿಗೆ ತೆಗೆದುಕೊಂಡು ಹೋದದ್ದು ಅದನ್ನೇ.